ಬದಲಿ ಆಟಗಾರರು

(ಕೋಡಿಹಳ್ಳಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮುಷ್ಕರ ಹೂಡುವವರ ವಿಚಾರವಾಗಿ ತಾವು ಬೇಕಾದಷ್ಟು ಭಾಷಣ ಕೇಳಿದ್ದೀರಿ. ಮುಷ್ಕರ ಮುರಿಯುವ ಮಾಲೀಕರ ವಿಚಾರವಾಗಿಯೂ ಕೇಳಿದ್ದೀರಿ. ಆದರೆ ಎರಡೂ ಕಡೆಗೆ ಸೇರದೆ, ದಡದಲ್ಲಿ ನಿಂತು ನೋಡುವವರು ಇರುತ್ತಾರಲ್ಲ, ಅವರ ವಿಚಾರ ಯಾರೂ ಎತ್ತುವುದಿಲ್ಲ. ಬಸ್ಸಿನ ಮುಷ್ಕರವಾದರೆ ಪ್ರಯಾಣಿಕರು. ಕಾರ್ಖಾನೆಯ ಮುಷ್ಕರವಾದರೆ ಗೇಟಿನ ಮುಂದಿನ ಕಾಫಿ ಅಂಗಡಿಯವರು. ಆಟಗಾರರೇ ಮುಷ್ಕರ ಹೂಡಿದರೆ ಟಿಕೆಟ್ಟು ಕೊಂಡ ಪ್ರೇಕ್ಷಕರು. ಇವರಿಗೂ ಒಂದು ಪಾಲಿದೆ, ಇವರಿಗೂ ಒಂದು ನೆನಪಿದೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಅವರ ಸಂಗತಿ.

ಆಟಗಾರರು ಮುಷ್ಕರ ಹೂಡುತ್ತಾರೆಯೆ ಎಂದು ಯಾರೋ ನಕ್ಕರು. ನಗುವುದು ಬೇಡ. ನಮ್ಮ ಬೆಂಗಳೂರಿನಲ್ಲಿಯೇ ಚೆಂಡಾಟಗಾರನೆಂದರೆ ಬಹುಕಾಲ ಕಾರ್ಖಾನೆಯ ನೌಕರನೇ ಆಗಿದ್ದ. ಐ.ಟಿ.ಐ., ಎಚ್.ಎ.ಎಲ್. ಮುಂತಾದ ಸರ್ಕಾರಿ ಕಾರ್ಖಾನೆಗಳಿಗೆ ತಮ್ಮ ತಮ್ಮ ತಂಡಗಳಿದ್ದವು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು. ಅಂಥ ಆಟಗಾರರಲ್ಲಿ ಬೆಳಿಗ್ಗೆ ಯಂತ್ರದ ಮುಂದೆ ನಿಂತು ಸಂಜೆ ಮೈದಾನಕ್ಕೆ ಇಳಿಯುತ್ತಿದ್ದವರೂ ಇದ್ದರು. ಕಾಲಿನಿಂದ ದುಡಿದರೂ ದುಡಿಮೆ ದುಡಿಮೆಯೇ.

ಈಗ ಅಮೆರಿಕ ದೇಶಕ್ಕೆ ಬರೋಣ. ಅಲ್ಲಿಯವರು ಫುಟ್ಬಾಲ್ ಎಂದು ಕರೆಯುವುದು ನಮ್ಮ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಗೆ ಕಬ್ಬಿಣದಂಥ ಟೋಪಿ ಹಾಕಿಕೊಂಡು, ಎದುರು ಬಂದವನನ್ನು ಗುದ್ದಿ ಕೆಡವಿ ಓಡುವ ಆಟ. ಮೂಳೆ ಮುರಿಯುವ ಆಟ. ದೊಡ್ಡ ದೊಡ್ಡ ಧನಿಕರು ತಂಡಗಳ ಯಜಮಾನರು. 1987ರಲ್ಲಿ ಇಪ್ಪತ್ತೆಂಟು ತಂಡಗಳಿದ್ದವು. ಆಟಗಾರನಿಗೆ ಸಂಬಳವೇನೋ ನಮ್ಮ ಲೆಕ್ಕಕ್ಕೆ ಬಹಳ ದೊಡ್ಡದು. ಆದರೆ ಅವನ ಆಟದ ಆಯುಷ್ಯ ನಾಲ್ಕಾರು ವರ್ಷ, ಮತ್ತು ಒಂದು ತಂಡಕ್ಕೆ ಸೇರಿದ ಮೇಲೆ ಕರಾರು ಮುಗಿದರೂ ತನಗೆ ಬೇಕಾದ ಇನ್ನೊಂದು ತಂಡಕ್ಕೆ ಹೋಗಲು ಅವನಿಗೆ ಸ್ವಾತಂತ್ರ್ಯವಿರಲಿಲ್ಲ. ನಮ್ಮ ಹಿಂದಿನ ಜೀತದಾಳಿನ ಕಥೆ ತಮಗೆ ನೆನಪಿಗೆ ಬರಬಹುದು. ಜೀತದಾಳಿಗೆ ಹರಕು ಕಂಬಳಿ, ಇವನಿಗೆ ಜರಿಪಂಚೆ. ಆದರೆ ಗೂಟ ಒಂದೇ.

ಆ ಗೂಟದಿಂದ ಬಿಡುಗಡೆ ಬೇಕೆಂದು, ಜೀನ್ ಅಪ್‌ಷಾ ಎಂಬ ಹಳೆಯ ಆಟಗಾರನ ಮುಂದಾಳುತನದಲ್ಲಿ, 1987ರ ಸೆಪ್ಟೆಂಬರ್ 22ರಂದು ಅವರ ಸಂಘ ಮುಷ್ಕರ ಹೂಡಿತು. ಐದು ವರ್ಷ ಹಿಂದೆ, 1982ರಲ್ಲಿಯೂ ಅವರು ಐವತ್ತೇಳು ದಿನ ಮುಷ್ಕರ ಮಾಡಿದ್ದರು. ಆಗ ಮೈದಾನಗಳು ಖಾಲಿ ಬಿದ್ದಿದ್ದವು. ಯಜಮಾನರು ಆ ಪಾಠ ಮರೆತಿರಲಿಲ್ಲ. ಈ ಸಲ ಒಂದೇ ಒಂದು ವಾರ ಆಟ ನಿಂತಿತು. ಮುಂದಿನ ವಾರದಿಂದ ಅದೇ ಮೈದಾನ, ಅದೇ ಅಂಗಿ, ಅದೇ ಹೆಸರು. ಒಳಗಿನ ಆಳು ಮಾತ್ರ ಬೇರೆ. ಮೂರು ವಾರ ಈ ಬದಲಿ ಆಟಗಾರರ ಆಟ ನಡೆಯಿತು. ಅವರ ಸೋಲು ಗೆಲುವುಗಳನ್ನು ಆ ವರ್ಷದ ಲೆಕ್ಕಕ್ಕೂ ಸೇರಿಸಿದರು. ಸಂಘದವರಲ್ಲೇ ನೂರಕ್ಕೆ ಹದಿನೈದರಷ್ಟು ಮಂದಿ ಗೆರೆ ದಾಟಿ ಒಳಗೆ ಹೋದರು. ಇಪ್ಪತ್ತನಾಲ್ಕನೆಯ ದಿನ ಮುಷ್ಕರ ಮುರಿಯಿತು. ಆಟಗಾರರು ಬರಿಗೈಯಲ್ಲಿ ಹಿಂದಿರುಗಿದರು. ಹೇಳಿದ ಗಳಿಗೆಗೆ ಬರಲಿಲ್ಲವೆಂದು ಆ ವಾರದ ಆಟಕ್ಕೂ ಅವರನ್ನು ಸೇರಿಸಲಿಲ್ಲ; ಮೂರನೆಯ ವಾರವೂ ಬದಲಿಯವರೇ ಆಡಿದರು.

ಸ್ವಾತಂತ್ರ್ಯ ಸಿಕ್ಕಿದ್ದು ಆಮೇಲೆ, ಕೋರ್ಟಿನ ಮೆಟ್ಟಿಲಿನ ಮೇಲೆ. 1992ರಲ್ಲಿ ಜ್ಯೂರಿ ಆಟಗಾರರ ಪರವಾಗಿ ತೀರ್ಪು ಕೊಟ್ಟಿತು. 1993ರ ಒಪ್ಪಂದದಲ್ಲಿ ಗೂಟ ಸಡಿಲವಾಯಿತು. ಅಷ್ಟರಲ್ಲಿ, ಮುಷ್ಕರ ಮಾಡಿದವರಲ್ಲಿ ಎಷ್ಟೋ ಮಂದಿಯ ಆಟದ ಕಾಲವೇ ಮುಗಿದುಹೋಗಿತ್ತು. ಹೋರಾಡಿದವನೊಬ್ಬ, ಉಂಡವನೊಬ್ಬ. ಇದು ಎಲ್ಲ ಚಳವಳಿಗಳಲ್ಲಿಯೂ ಆಗುವ ಮಾತು. ಅದಕ್ಕಾಗಿ ಯಾರೂ ದುಃಖಿಸಬೇಕಾಗಿಲ್ಲ.

ಬಂಧುಗಳೆ, ಪ್ರೇಕ್ಷಕರು ಆ ಮೂರು ವಾರ ಏನು ಮಾಡಿದರು?

ಎಲ್ಲರೂ ಒಂದೇ ಸಮನೆ ನಡೆದುಕೊಳ್ಳಲಿಲ್ಲ. ಫಿಲಡೆಲ್ಫಿಯ ಎಂಬುದು ದುಡಿಯುವವರ ಊರು. ಅಲ್ಲಿ ಅಕ್ಟೋಬರ್ 4ರಂದು ಬದಲಿಯವರ ಆಟ. ಲಾರಿ ಚಾಲಕರ ಸಂಘದವರೂ ಇತರ ಕಾರ್ಮಿಕರೂ ಮೈದಾನದ ಬಾಗಿಲುಗಳ ಮುಂದೆ ಜಮಾಯಿಸಿದರು. ಅರವತ್ತು ಸಾವಿರಕ್ಕೂ ಮೇಲೆ ಜನ ಹಿಡಿಯುವ ಆ ಮೈದಾನದೊಳಗೆ ಅಂದು ಕುಳಿತಿದ್ದವರು 4,074 ಮಂದಿ. ಆ ಊರಿನವರು ಇಂದಿಗೂ ಈ ಲೆಕ್ಕವನ್ನು ಮರೆತಿಲ್ಲ. ತಂಡ 35ಕ್ಕೆ 3ರಂತೆ ಸೋತಿತು. ಆದರೆ ಖಾಲಿ ಬೆಂಚುಗಳನ್ನು ನೆನೆದು ಹೆಮ್ಮೆಪಡುವ ಊರು ಅದು.

ವಾಷಿಂಗ್ಟನ್ನಿನ ಕಥೆ ಬೇರೆ. ಆ ತಂಡದ ಸಂಘದ ಆಟಗಾರರಲ್ಲಿ ಒಬ್ಬನೂ ಗೆರೆ ದಾಟಲಿಲ್ಲ. ಹಾಗಾಗಿ ಮೈದಾನಕ್ಕೆ ಇಳಿದವರೆಲ್ಲ ಹೊರಗಿನವರು. ಅಕ್ಟೋಬರ್ 19ರ ರಾತ್ರಿ ಅವರು ಡಲ್ಲಾಸಿನ ತಂಡವನ್ನು ಎದುರಿಸಿದರು. ಡಲ್ಲಾಸಿನಲ್ಲಿ ಹೆಸರುವಾಸಿ ಆಟಗಾರರೇ ಗೆರೆ ದಾಟಿ ಬಂದಿದ್ದರು. ಆದರೂ ಈ ಅನಾಮಧೇಯರು 13ಕ್ಕೆ 7ರಂತೆ ಗೆದ್ದರು. ಆ ರಾತ್ರಿ ಅವರ ಪರವಾಗಿ ಚೆಂಡು ಎಸೆದವನೊಬ್ಬ ಸೆರೆಮನೆಯಿಂದ ಅಪ್ಪಣೆ ಪಡೆದು ಹೊರಗೆ ಬಂದವನು. ಆಮೇಲೆ ಅವರಲ್ಲಿ ಬಹುಪಾಲು ಮಂದಿಯನ್ನು ಮನೆಗೆ ಕಳಿಸಿದರು. ಮೂರು ತಿಂಗಳ ಮೇಲೆ, 1988ರ ಜನವರಿಯಲ್ಲಿ, ಅದೇ ತಂಡ ದೇಶದ ಮಹಾ ಪಂದ್ಯವನ್ನು ಗೆದ್ದಿತು. ಗೆದ್ದವರಿಗೆ ಚಿನ್ನದ ಉಂಗುರ ಕೊಡುವುದು ಅಲ್ಲಿಯ ಪದ್ಧತಿ. ಮೂರು ಆಟ ಆಡಿ ಮೂರನ್ನೂ ಗೆದ್ದುಕೊಟ್ಟ ಬದಲಿಯವರಿಗೆ ಉಂಗುರ ಬರಲಿಲ್ಲ. ಅದು ಬಂದಿದ್ದು 2018ರಲ್ಲಿ, ಮೂವತ್ತು ವರ್ಷದ ಮೇಲೆ, ತಲೆ ನರೆತ ಮೇಲೆ.

ಮುಷ್ಕರ ಮುರಿಯಲು ಬಂದವನಿಗೆ ಅಲ್ಲಿ ಒಂದು ಹೆಸರಿದೆ. ಗಾಯದ ಮೇಲಿನ ಹಕ್ಕಳೆ ಎಂದು ಅದರ ಅರ್ಥ. ತಂಡದ ಹೆಸರಿನೊಡನೆ ಈ ಮಾತನ್ನು ಬೆಸೆದು ಪ್ರೇಕ್ಷಕರು ಅಡ್ಡಹೆಸರಿಟ್ಟು ನಕ್ಕರು. ಆದರೆ ಬಹುಪಾಲು ಜನ ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದರು. ಯಜಮಾನರಿಗೆ ಬೇಕಾಗಿದ್ದದ್ದು ಅಷ್ಟೇ. ಮೈದಾನ ಅರ್ಧ ಖಾಲಿಯಾದರೂ ಟೆಲಿವಿಷನ್ನಿನ ಹಣ ಬರುತ್ತಿತ್ತು. ಮುಷ್ಕರ ಸೋತದ್ದಕ್ಕೆ ಬದಲಿ ಆಟಗಾರನೊಬ್ಬನೇ ಕಾರಣನಲ್ಲ. ಅವನನ್ನು ನೋಡುತ್ತ ಕುಳಿತ ಮನೆ ಮನೆಯ ಪ್ರೇಕ್ಷಕನಿಗೂ ಅದರಲ್ಲಿ ಪಾಲಿದೆ. ಇದನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಾವೂ ಅನೇಕ ಸಲ ಆ ಪ್ರೇಕ್ಷಕರೇ.

ಈ ಬದಲಿಯವರು ಎಲ್ಲಿಂದ ಬಂದರು? ಹಿಂದೆ ತಂಡಕ್ಕೆ ಆಯ್ಕೆಯಾಗದೆ ಹೊರಬಿದ್ದವರು, ಬೇಸಿಗೆಯ ತರಬೇತಿಯಲ್ಲಿ ಬೇಡವೆನಿಸಿಕೊಂಡವರು, ಲಾರಿ ಓಡಿಸುವವರು, ಪಹರೆ ಕಾಯುವವರು, ಮೇಷ್ಟರುಗಳು. ಬಾಲ್ಯದಿಂದ ಕಂಡ ಕನಸಿಗೆ ಬಾಗಿಲು ಮೂರು ವಾರ ತೆರೆದಿತ್ತು, ನುಗ್ಗಿದರು. ಅವರಲ್ಲೊಬ್ಬ, ಷಾನ್ ಪೇಟನ್, ಷಿಕಾಗೊ ತಂಡಕ್ಕೆ ಮೂರು ಆಟ ಆಡಿದವನು, ಮುಂದೆ ತರಬೇತುದಾರನಾಗಿ 2010ರಲ್ಲಿ ನ್ಯೂ ಆರ್ಲಿಯನ್ಸ್ ತಂಡಕ್ಕೆ ಮಹಾ ಪಂದ್ಯವನ್ನೇ ಗೆದ್ದುಕೊಟ್ಟ. ಉಳಿದವರಲ್ಲಿ ಬಹುಪಾಲು ಮಂದಿ ಹಳೆಯ ಬದುಕಿಗೆ ಹಿಂದಿರುಗಿದರು. ಅವರಿಗೆ ಕೆಲಸ ಕೊಟ್ಟ ಯಜಮಾನರಾದರೂ ಅವರನ್ನು ಪ್ರೀತಿಸಿದರೆ? ಇಲ್ಲ. ನಿಜವಾದ ಆಟಗಾರರ ಬೆನ್ನು ಮುರಿಯಲು ಒಂದು ದೊಣ್ಣೆ ಬೇಕಾಗಿತ್ತು. ಕೆಲಸ ಮುಗಿದ ಮೇಲೆ ದೊಣ್ಣೆಯನ್ನು ಒಲೆಗೆ ಹಾಕಿದರು.

ಮಿಲ್ ಕಾರ್ಮಿಕ ಬಂಧುಗಳಿಗೆ ‘ಬದಲಿ’ ಎಂಬ ಮಾತು ಹೊಸದಲ್ಲ. ಬೊಂಬಾಯಿಯ ಬಟ್ಟೆಯ ಮಿಲ್ಲುಗಳಲ್ಲಿ ಅದು ಹುದ್ದೆಯ ಹೆಸರೇ ಆಗಿತ್ತು. ಬೆಳಿಗ್ಗೆ ಗೇಟಿನ ಮುಂದೆ ನಿಂತು, ಖಾಯಂ ಆಳು ಯಾರಾದರೂ ಬಾರದಿದ್ದರೆ ಅವನ ಮಗ್ಗಕ್ಕೆ ಹೋಗುವವನು ಬದಲಿ. ಇನ್ನೊಬ್ಬನ ಜ್ವರ ಇವನ ಅನ್ನ. ನಮ್ಮ ದೇಶದ ಕಾನೂನಿನ ಪುಸ್ತಕಕ್ಕೂ ಈ ಮಾತು ಹೊಕ್ಕಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಬದಲಿ ಕಾರ್ಮಿಕನೆಂದರೆ ಯಾರು ಎಂಬುದಕ್ಕೆ ವಿವರಣೆ ಇತ್ತು. ಬದಲಿಯವನನ್ನು ವರ್ಷಗಟ್ಟಲೆ ಬದಲಿಯಾಗಿಯೇ ಇಟ್ಟು ಖಾಯಮ್ಮಿನ ಹಕ್ಕು ತಪ್ಪಿಸುವುದು ಅನ್ಯಾಯದ ನಡತೆ ಎಂದೂ, ಕಾನೂನುಬದ್ಧವಾದ ಮುಷ್ಕರ ನಡೆಯುತ್ತಿರುವಾಗ ಹೊಸ ಆಳುಗಳನ್ನು ಸೇರಿಸಿಕೊಳ್ಳುವುದು ಅನ್ಯಾಯದ ನಡತೆ ಎಂದೂ 1982ರ ತಿದ್ದುಪಡಿ ಸಾರಿತು. ಅಮೆರಿಕದಲ್ಲಿ ಹಾಗಿಲ್ಲ. ಮುಷ್ಕರದವರ ಜಾಗಕ್ಕೆ ಹೊಸಬರನ್ನು ಖಾಯಮ್ಮಾಗಿಯೇ ಇಟ್ಟುಕೊಳ್ಳಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1938ರಲ್ಲಿಯೇ ಹೇಳಿತ್ತು. 1981ರಲ್ಲಿ ವಿಮಾನಗಳಿಗೆ ದಾರಿ ತೋರಿಸುವ ಹನ್ನೊಂದು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ ಅವರನ್ನು ಒಂದೇ ಏಟಿಗೆ ವಜಾ ಮಾಡಿದ. ಆಟದ ಯಜಮಾನರಿಗೆ ಧೈರ್ಯ ಬಂದದ್ದು ಇಂಥ ಗಾಳಿಯಲ್ಲಿ.

ನಮ್ಮಲ್ಲಿ ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಷ್ಕರದ ಹೊತ್ತಿನಲ್ಲಿ ಹೊಸ ಆಳು ತೆಗೆದುಕೊಳ್ಳುವುದು ಅನ್ಯಾಯವೆಂಬ ಮಾತು ಅವುಗಳಲ್ಲಿಯೂ ಉಳಿದಿದೆ. ಆದರೆ ‘ಕಾನೂನುಬದ್ಧ ಮುಷ್ಕರ’ದ ಬಾಗಿಲು ಕಿರಿದಾಗಿದೆ. ಹಿಂದೆ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇದ್ದ ಹದಿನಾಲ್ಕು ದಿನದ ನೋಟೀಸಿನ ಕಟ್ಟು ಈಗ ಎಲ್ಲ ಕಾರ್ಖಾನೆಗಳಿಗೂ ಬಂದಿದೆ. ಅರ್ಧದಷ್ಟು ಜನ ಒಟ್ಟಾಗಿ ರಜೆ ಹಾಕಿದರೂ ಅದು ಮುಷ್ಕರವೇ. ಬಾಗಿಲು ಕಿರಿದಾದಷ್ಟೂ ಬದಲಿಯವನನ್ನು ಕರೆತರುವ ಓಣಿ ಅಗಲವಾಗುತ್ತದೆ.

ಇನ್ನೊಂದು ಕಥೆ ಹೇಳುತ್ತೇನೆ. ಇದು ಕಹಿ, ಆದರೂ ನುಂಗಬೇಕು. ಬೆಂಗಳೂರಿನ ಬಿನ್ನಿ ಮಿಲ್ಲನ್ನು ಹಿರಿಯರು ಬಲ್ಲರು. ಅದೇ ಬಿನ್ನಿ ಕಂಪನಿಗೆ ಮದರಾಸಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳಿದ್ದವು. 1921ರಲ್ಲಿ ಅಲ್ಲಿ ದೊಡ್ಡ ಮುಷ್ಕರ. ಜಾತಿ ಹಿಂದೂಗಳೂ ಮುಸಲ್ಮಾನರೂ ಹೊರಗೆ ನಿಂತರು. ಆದಿದ್ರಾವಿಡ ಕಾರ್ಮಿಕರಲ್ಲಿ ಅನೇಕರು ಕೆಲಸಕ್ಕೆ ಹೋದರು. ಗೆರೆ ದಾಟಿದವರೆಂದು ಪುಲಿಯಂತೋಪಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೊಡೆದಾಟವಾಯಿತು, ಪೋಲೀಸರ ಗುಂಡು ಹಾರಿತು, ಹೆಣ ಬಿತ್ತು. ತಿಂಗಳುಗಟ್ಟಲೆ ನಡೆದ ಮುಷ್ಕರ ಕೊನೆಗೆ ಮಣ್ಣುಗೂಡಿತು. ಯಾರು ಗೆದ್ದರು? ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ. ಗುಡಿಸಲು ಸುಟ್ಟುಕೊಂಡವನೂ ಕೂಲಿ, ಸುಟ್ಟವನೂ ಕೂಲಿ.

ಆ ಆದಿದ್ರಾವಿಡರನ್ನು ದ್ರೋಹಿಗಳೆಂದು ಕರೆಯುವುದು ಸುಲಭ. ಅವರನ್ನು ಒಂದು ಪ್ರಶ್ನೆ ಕೇಳುವ ಮೊದಲು ನಮ್ಮನ್ನು ಒಂದು ಕೇಳಿಕೊಳ್ಳಬೇಕು. ಮುಷ್ಕರಕ್ಕೆ ಮುಂಚೆ ಅವರ ಕೇರಿಗೆ ಯಾರು ಹೋಗಿದ್ದರು? ಅವರೊಡನೆ ಕುಳಿತು ಒಂದು ಲೋಟ ನೀರು ಕುಡಿಯದವನು, ಮುಷ್ಕರದ ದಿನ ‘ಬಾ ತಮ್ಮ, ನಾವೆಲ್ಲ ಒಂದೇ’ ಎಂದರೆ ಅವನೇಕೆ ನಂಬಬೇಕು? ಬದಲಿಯವನು ಆಕಾಶದಿಂದ ಇಳಿಯುವುದಿಲ್ಲ. ನಾವು ಸೇರಿಸಿಕೊಳ್ಳದೆ ಬಿಟ್ಟ ಜಾಗದಿಂದ ಬರುತ್ತಾನೆ. ಅಮೆರಿಕದಲ್ಲಿ ತಂಡದಿಂದ ಬಿಟ್ಟುಹೋದವನು ಬಂದ; ಮದರಾಸಿನಲ್ಲಿ ಊರಿನಿಂದಲೇ ಹೊರಗಿಟ್ಟವನು ಬಂದ.

ಇಷ್ಟು ಹೇಳಿದವನು ನನ್ನ ಮಾತನ್ನೂ ಹೇಳಬೇಕು. ಮುಚ್ಚಿಟ್ಟುಕೊಂಡು ಭಾಷಣ ಮಾಡುವುದು ಸಲ್ಲ. ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಮನೆಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪಿಲ್ಲದೆ ತಟ್ಟೆ ಖಾಲಿಯಾಗಿದ್ದ ವರ್ಷ. ಕೆಲಸ ಹೇಗೆ ಖಾಲಿಯಾಯಿತೆಂದು ನಾನು ಕೇಳಲಿಲ್ಲ. ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ತಿಂಗಳ ಸಂಬಳ ಬಾಕಿಯೆಂದು ಮೂವರು ಮೇಷ್ಟರು ಪಾಠ ನಿಲ್ಲಿಸಿ ಅಂಗಳದಲ್ಲಿ ಕುಳಿತಿದ್ದರು. ಅವರನ್ನು ತೆಗೆದು ನಮ್ಮನ್ನು ತಂದಿದ್ದರು. ಮೊದಲ ದಿನ ಒಳಗೆ ಹೋಗುವಾಗ ಅವರಲ್ಲಿ ಹಿರಿಯರೊಬ್ಬರು ನನ್ನನ್ನು ನೋಡಿದರು. ಬೈಯಲಿಲ್ಲ. ‘ಮೂರನೇ ಕ್ಲಾಸಿನವರಿಗೆ ಭಾಗಾಕಾರ ಅರ್ಧ ಆಗಿದೆ, ಅಲ್ಲಿಂದ ಹಿಡೀರಿ’ ಎಂದರು, ಅಷ್ಟೆ. ಒಳಗೆ ಒಂದು ಹೆಣ್ಣು ಮಗು ಎದ್ದು ನಿಂತು, ‘ನಮ್ಮ ಮೇಷ್ಟ್ರು ಯಾವಾಗ ಬರ್ತಾರೆ ಸಾರ್?’ ಎಂದು ಕೇಳಿತು. ನಾನು ಕಪ್ಪು ಹಲಗೆಯ ಕಡೆಗೆ ತಿರುಗಿಕೊಂಡೆ.

ಐದು ತಿಂಗಳಾದ ಮೇಲೆ ನನಗೂ ಸಂಬಳ ನಿಂತಿತು. ಕೇಳಿದಾಗ, ಬೇಡವಾದರೆ ಬಿಡಬಹುದು, ಬರುವವರು ಬೇಕಾದಷ್ಟು ಇದ್ದಾರೆ ಎಂದರು. ಅಂದು ನನಗೆ ಬದಲಿಯ ಅರ್ಥ ತಿಳಿಯಿತು. ನಾನು ಕಸಿದುಕೊಂಡ ಕುರ್ಚಿಯಲ್ಲಿ ಕುಳಿತಿದ್ದೇನೆಂದು ಭಾವಿಸಿದ್ದೆ. ಅಲ್ಲಿ ಕುರ್ಚಿಯೇ ಇರಲಿಲ್ಲ. ಆ ಹಿರಿಯ ಮೇಷ್ಟರನ್ನು ಹುಡುಕಿಕೊಂಡು ಹೋಗಿ ಕೈಮುಗಿದೆ. ಅವರು ಒಂದು ಲೋಟ ಕಾಫಿ ಕೊಟ್ಟು, ಭಾಗಾಕಾರ ಮುಗಿಯಿತೆ ಎಂದು ಕೇಳಿದರು. ನಾನು ಸಂಘದ ಕೆಲಸಕ್ಕೆ ಬಂದದ್ದು ಯಾವ ಪುಸ್ತಕ ಓದಿಯೂ ಅಲ್ಲ, ಆ ಕಾಫಿ ಕುಡಿದು.

ಈಗ ನಮ್ಮ ಊರಿನ ನೆನಪಿಗೆ ಬರೋಣ. 2021ರ ಏಪ್ರಿಲ್ 7ರಿಂದ ಸರ್ಕಾರಿ ಬಸ್ಸಿನವರ ಮುಷ್ಕರ ತಮ್ಮೆಲ್ಲರಿಗೂ ನೆನಪಿದೆ. ಹಿಂದಿನ ಡಿಸೆಂಬರಿನಲ್ಲಿ ಒಮ್ಮೆ ನಿಲ್ಲಿಸಿ, ಮಾತಿನ ಮೇಲೆ ನಂಬಿಕೆಯಿಟ್ಟು ಮತ್ತೆ ಓಡಿಸಿದ್ದರು. ಆರನೆಯ ವೇತನ ಆಯೋಗದ ಸಂಬಳ ತಮಗೂ ಬೇಕೆಂಬುದು ಬೇಡಿಕೆ. ಸರ್ಕಾರ ಶೇಕಡ 8 ಕೊಡುತ್ತೇನೆಂದಿತು. ನಿಗಮದ ನಿಲ್ದಾಣಗಳಿಗೆ ಖಾಸಗಿ ಬಸ್ಸುಗಳೂ ವ್ಯಾನುಗಳೂ ಬಂದು ನಿಂತವು. ನಿವೃತ್ತ ಚಾಲಕರಿಗೂ ಕರೆ ಹೋಯಿತು. ಏಪ್ರಿಲ್ 13 ಯುಗಾದಿ. ಬೇವುಬೆಲ್ಲದ ದಿನಕ್ಕೆ ಊರು ಸೇರಬೇಕೆಂದು ಬೆಂಗಳೂರಿನಿಂದ ಹೊರಟ ನಮ್ಮ ಮಕ್ಕಳು ಬಂದದ್ದು ಆ ಬದಲಿ ಬಸ್ಸುಗಳಲ್ಲಿ. ಕೊರೋನದ ಎರಡನೆಯ ಅಲೆ ಏಳುತ್ತಿತ್ತು. ಹೈಕೋರ್ಟು ಬಸ್ಸು ಓಡಬೇಕೆಂದ ಮೇಲೆ ಏಪ್ರಿಲ್ 21ರಂದು ಮುಷ್ಕರ ನಿಂತಿತು. ಅನೇಕರಿಗೆ ವಜಾ, ಅಮಾನತು, ವರ್ಗಾವಣೆಯ ಕಾಗದ ಬಂದಿತ್ತು.

ನಾವು ಏನು ನೆನಪಿಟ್ಟುಕೊಂಡಿದ್ದೇವೆ? ಹೆಚ್ಚು ದುಡ್ಡು ಕೊಟ್ಟದ್ದನ್ನು ಕೆಲವರು, ನಿಂತುಕೊಂಡು ಬಂದದ್ದನ್ನು ಕೆಲವರು. ‘ಸದ್ಯ, ಯಾರೋ ಒಬ್ಬ ಓಡಿಸಿದನಲ್ಲ’ ಎಂದವರೂ ಉಂಟು. ಪ್ರತಿದಿನ ನಮ್ಮ ಮೊಟ್ಟೆ ಬುಟ್ಟಿಯನ್ನೂ ಹಾಲಿನ ಕ್ಯಾನನ್ನೂ ಹತ್ತಿಸಿಕೊಳ್ಳುತ್ತಿದ್ದ ಕಂಡಕ್ಟರು ಆ ಹದಿನೈದು ದಿನ ಏನು ಉಂಡನೆಂದು ಎಷ್ಟು ಮಂದಿ ವಿಚಾರಿಸಿದೆವು? ಬದಲಿ ಬಸ್ಸಿನ ಚಾಲಕನೇನೂ ಸುಖಪುರುಷನಲ್ಲ. ಕೊರೋನದ ಮೊದಲ ವರ್ಷದಲ್ಲಿ ಅವನ ಗಾಡಿ ನಿಂತು ಸಾಲದ ಕಂತು ಏರಿತ್ತು. ಅವನ ಸಂಬಳ ನಿಗಮದವನದಕ್ಕಿಂತ ಕಡಿಮೆ. ಹಸಿದವನ ಮೇಲೆ ಹಸಿದವನನ್ನು ಬಿಟ್ಟು, ದಡದಲ್ಲಿ ನಮ್ಮನ್ನು ಪ್ರೇಕ್ಷಕರಾಗಿ ಕೂರಿಸಿದ್ದರು.

ನಮ್ಮ ಜಿಲ್ಲೆಯ ಬಿಡದಿಯಲ್ಲಿ ಅದಕ್ಕೆ ಕೆಲವೇ ತಿಂಗಳ ಮುಂಚೆ, 2020ರ ನವೆಂಬರಿನಲ್ಲಿ, ಟೊಯೋಟ ಕಾರು ಕಾರ್ಖಾನೆಯಲ್ಲಿ ಸಂಘದ ಒಬ್ಬರ ಅಮಾನತಿನಿಂದ ಧರಣಿ, ಧರಣಿಯಿಂದ ಬೀಗಮುದ್ರೆ ಆಯಿತು. ಬೀಗ ತೆರೆದಾಗ ಒಳಗೆ ಬರುವವರು ಸನ್ನಡತೆಯ ಮುಚ್ಚಳಿಕೆಗೆ ರುಜು ಹಾಕಬೇಕೆಂಬ ಷರತ್ತು ಬಂತು. ಹಾಕಿದವರು ಒಳಗೆ, ಹಾಕದವರು ಹೊರಗೆ. ಗೆರೆಯ ಈಚೆಗೂ ಆಚೆಗೂ ಒಂದೇ ಊರಿನವರು. ಇಂಥ ಗೆರೆ ಗೇಟಿನಲ್ಲಿ ಅಳಿಸಿಹೋದರೂ ಮದುವೆ ಮನೆಯ ಪಂಕ್ತಿಯಲ್ಲಿ ಬಹಳ ದಿನ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಮಾತು ಬೇಡ, ಮೂರು ಸಣ್ಣ ಮಾತು ಸಾಕು.

ಕಾರ್ಮಿಕ ಬಂಧುಗಳಿಗೆ: ಬದಲಿಯವನನ್ನು ಬೈಯುವ ಮುಂಚೆ ಸೇರಿಸಿಕೊಳ್ಳಿ. ಮುಷ್ಕರದ ಹಿಂದಿನ ದಿನ ಸಾಲದು. ಎರಡು ವರ್ಷ ಮುಂಚೆ ಹೋಗಬೇಕು. ಕಂಟ್ರಾಕ್ಟಿನ ಹುಡುಗ, ತರಬೇತಿಯ ಹೆಸರಿನಲ್ಲಿ ಬಂದವನು, ಗುಡಿಸುವ ಹೆಂಗಸು, ಇವರ ಹೆಸರು ಸಂಘದ ಪುಸ್ತಕದಲ್ಲಿಲ್ಲದಿದ್ದರೆ ನಾಳೆ ಅದು ಮಾಲೀಕನ ಪುಸ್ತಕದಲ್ಲಿ ನಿಮ್ಮ ಹೆಸರಿನ ಜಾಗದಲ್ಲಿರುತ್ತದೆ.

ವರ್ತಕ ಮಿತ್ರರಿಗೆ: ಮುಷ್ಕರ ನಿಲ್ಲುವುದೂ ಬೀಳುವುದೂ ಅರ್ಧ ನಿಮ್ಮ ಉದ್ರಿ ಪುಸ್ತಕದಲ್ಲಿ. ಹದಿನೈದು ದಿನದ ಅಕ್ಕಿ ಬೇಳೆ ಸಾಲ ಸಿಕ್ಕಿದವನು ಗೆರೆ ದಾಟುವುದಿಲ್ಲ. ಅವನ ಸಂಬಳ ನೂರು ರೂಪಾಯಿ ಏರಿದರೆ ಅದು ಬರುವುದು ನಿಮ್ಮ ಗಲ್ಲಾಪೆಟ್ಟಿಗೆಗೇ. ಅವನ ಜಾಗಕ್ಕೆ ಅರ್ಧ ಕೂಲಿಯ ಆಳು ಬಂದರೆ ನಿಮ್ಮ ವ್ಯಾಪಾರವೂ ಅರ್ಧವೇ.

ನೋಡುವವರಿಗೆ, ಎಂದರೆ ನಮ್ಮೆಲ್ಲರಿಗೆ: ಯುಗಾದಿಗೆ ಊರು ಸೇರಬೇಕಾದವನು ಬದಲಿ ಬಸ್ಸು ಹತ್ತಲೇಬೇಕಾಗುತ್ತದೆ, ಅದರಲ್ಲಿ ಪಾಪವಿಲ್ಲ. ಹತ್ತಿದ ಮೇಲೆ ಚಪ್ಪಾಳೆ ತಟ್ಟಬೇಡಿ. ಇಳಿದ ಮೇಲೆ ಮರೆಯಬೇಡಿ. ಆ ಹೆಣ್ಣು ಮಗು ಕೇಳಿದ ಪ್ರಶ್ನೆಯನ್ನು ನಿಲ್ದಾಣದಲ್ಲಿ ನಿಂತು ಗಟ್ಟಿಯಾಗಿ ಕೇಳಿ: ‘ನಮ್ಮ ಕಂಡಕ್ಟರು ಯಾವಾಗ ಬರುತ್ತಾರೆ?’ ನೂರು ಮಂದಿ ಕೇಳಿದರೆ ಅಧಿಕಾರಿಗೆ ಕೇಳಿಸುತ್ತದೆ. ಬದಲಿ ಚಾಲಕನಿಗೂ ಕೇಳಿಸುತ್ತದೆ.

ಫಿಲಡೆಲ್ಫಿಯದವರು ಖಾಲಿ ಬೆಂಚನ್ನು ನೆನೆದು ಹೆಮ್ಮೆಪಡುತ್ತಾರೆ. ಮುಂದಿನ ಸಲ ಇಂಥದೊಂದು ಬಂದಾಗ ನೆನಪಿನಲ್ಲಿ ಏನು ಉಳಿಸಿಕೊಳ್ಳಬೇಕೆಂಬುದನ್ನು ಕೋಡಿಹಳ್ಳಿಯವರು ಈಗಲೇ ಯೋಚಿಸಿಡಬೇಕು. ಕೊನೆಯ ಬಸ್ಸಿನ ಹೊತ್ತಾಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಆ ಬಸ್ಸಿನ ಕಂಡಕ್ಟರಿಗೆ ನನ್ನದೂ ಒಂದು ನಮಸ್ಕಾರ ಹೇಳಿ.